ಉಮ್ಮನ ಮೊಣಕಾಲಿಗೆ ಬೇರೆ ನ್ಯಾಯವೇ?

ಫುಟ್ಬಾಲ್ ಆಡಿ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿದುಕೊಂಡ ಮಗನನ್ನು ಉಪ್ಪಳದಿಂದ ಮರುದಿನವೇ ಮಂಗಳೂರಿಗೆ ಒಯ್ಯುತ್ತೇವೆ. ಅಂಗಳದಲ್ಲಿ ಜಾರಿ ಅದನ್ನೇ ಹರಿದುಕೊಂಡ 58ರ ಉಮ್ಮನಿಗೆ? "ಈ ಪ್ರಾಯದಲ್ಲಿ ಆಪರೇಷನ್ ಯಾಕೆ, ಕುರ್ಚಿಯಲ್ಲಿ ಕೂತು ನಮಾಝ್ ಮಾಡಲಿ."

ಪ್ರಾಯ ಒಂದನ್ನೇ ನೋಡಿ ತೀರ್ಮಾನಿಸುವ ವಿಷಯವಲ್ಲ ಇದು. ಕೆಲವು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದರೆ ಎಷ್ಟೋ ಮಂದಿಗೆ ಆಪರೇಷನ್ನೇ ಬೇಡ. ಆಮೇಲೂ ಮೆಟ್ಟಿಲಿಳಿಯುವಾಗ, ತಿರುಗುವಾಗ ಮೊಣಕಾಲು ಕೈಕೊಡುತ್ತಿದ್ದರೆ ಲಿಗಮೆಂಟ್ ಹೊಸದಾಗಿ ಕಟ್ಟಿಸುವುದನ್ನು ಡಾಕ್ಟರಲ್ಲಿ ಕೇಳಲೇಬೇಕು. ಗಂಟು ತೀರಾ ಸವೆದಿದ್ದರೆ ಅದರಿಂದ ಹೆಚ್ಚು ಫಲವಿಲ್ಲ, ಒಪ್ಪುತ್ತೇನೆ. ಆದರೆ ನಾವು ಸವೆತ ಎಷ್ಟಿದೆ ಎಂದು ಕೇಳಿದ್ದೇವೆಯೇ?

ಕಟ್ಟಿಸಿದರೂ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕು. ಅಷ್ಟು ದಿನ ಅಡುಗೆಮನೆ ನೋಡುವವರು ಯಾರು? ನಮ್ಮ ನಿಜವಾದ ಅಡ್ಡಿ ಅದು. ಪ್ರಾಯದ ಮೇಲೆ ಹಾಕುತ್ತಿದ್ದೇವೆ.