ಒಂದೇ ಯಂತ್ರವನ್ನು ನಂಬಿದ ಪ್ರೋಗ್ರಾಮು

ಸಿ ಭಾಷೆಯನ್ನು ಕಲಿಯಹೊರಟ ವಿದ್ಯಾರ್ಥಿಗಳಿಗೆ ನಮ್ಮ ನಾಡಿನ ಎಷ್ಟೋ ಕಾಲೇಜುಗಳಲ್ಲಿ ಬಹುಕಾಲ ಮೊದಲು ಕಾಣಿಸಿದ್ದು ಟರ್ಬೊ ಸಿ ಎಂಬ ಸಾಧನದ ನೀಲಿ ತೆರೆ. ನಾವು ಬರೆದುದನ್ನು ಯಂತ್ರಕ್ಕೆ ತಿಳಿಯುವ ಸಂಕೇತಗಳಾಗಿ ಮಾರ್ಪಡಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರಷ್ಟೆ. ಅಮೆರಿಕದ ಬೋರ್ಲ್ಯಾಂಡ್ ಸಂಸ್ಥೆಯು 1987ರಲ್ಲಿ ಹೊರತಂದ ಈ ಕಂಪೈಲರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬರೆಯುವುದು, ತಿದ್ದುವುದು, ನಡೆಸಿ ನೋಡುವುದು ಎಲ್ಲವೂ ಒಂದೇ ತೆರೆಯ ಮೇಲೆ ಆಗುತ್ತಿದ್ದುದು ಕಲಿಯುವವರಿಗೆ ದೊಡ್ಡ ಅನುಕೂಲವೇ ಸರಿ. ಹಣಕ್ಕೆ ಮಾರಿದರೆಂಬ ಒಂದೇ ಕಾರಣದಿಂದ ಸಾಧನವನ್ನು ತುಚ್ಛವೆನ್ನುವವರ ವಾದವನ್ನು ನಾವು ಒಪ್ಪೆವು.

ನಮ್ಮ ಆಕ್ಷೇಪ ಬೇರೆ. ಟರ್ಬೊ ಸಿ ಹುಟ್ಟಿದುದು ಡಾಸ್ ವ್ಯವಸ್ಥೆಗಾಗಿ. ಅದರಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ದೊರೆಯುವ ಸ್ಥಳ 16 ಬಿಟ್ ಮಾತ್ರ. 32,767ಕ್ಕೆ ಒಂದನ್ನು ಕೂಡಿಸಿದರೆ ಬರುವ ಉತ್ತರ −32,768! ಲೋಲಕದ ಚಲನೆಯನ್ನು 40,000 ಹೆಜ್ಜೆಗಳಲ್ಲಿ ಗಣಿಸಹೊರಟವರಿಗೆ ಕಾಲವೇ ಹಿಂದುಮುಂದಾಯಿತೇ ಎಂಬ ಭ್ರಮೆ ಹುಟ್ಟೀತು. ಅದೇ ಸಾಲುಗಳು ಇಂದಿನ ಕಂಪೈಲರುಗಳಲ್ಲಿ ಸರಿಯಾಗಿ ನಡೆಯುತ್ತವೆ. ತಪ್ಪು ಕಂಪೈಲರಿನದಲ್ಲ. 1989ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಸಿ ಭಾಷೆಯ ಮಾನಕವು ಈ ಬಗೆಯ ಪೂರ್ಣಾಂಕಕ್ಕೆ 32,767ರವರೆಗೆ ಮಾತ್ರ ಭರವಸೆ ಕೊಟ್ಟಿದೆ. ದೊಡ್ಡ ಸಂಖ್ಯೆಗೆ ‘ಲಾಂಗ್’ ಎಂಬ ಬೇರೆ ಬಗೆಯೇ ಉಂಟು. ಮಾನಕವನ್ನು ಓದದೆ, ಕೈಗೆ ಸಿಕ್ಕ ಯಂತ್ರವನ್ನೇ ಭಾಷೆಯೆಂದು ಭಾವಿಸಿದುದು ನಮ್ಮ ತಪ್ಪು.

ತೆರೆಯನ್ನು ಅಳಿಸುವ ‘ಕ್ಲಿಯರ್ ಸ್ಕ್ರೀನ್’ ಆಜ್ಞೆಯಾಗಲಿ, ಚಿತ್ರ ಬರೆಯುವ ಆಜ್ಞೆಗಳಾಗಲಿ ಸಿ ಭಾಷೆಯ ಮಾನಕಕ್ಕೆ ಸೇರಿದವಲ್ಲ. ಆ ಸಂಸ್ಥೆಯವರು ತಾವಾಗಿ ಸೇರಿಸಿದವು. ಇವನ್ನು ಬಳಸಿದ ಪ್ರೋಗ್ರಾಮನ್ನು ಲಿನಕ್ಸ್ ಯಂತ್ರಕ್ಕೆ ಒಯ್ದರೆ ಅದು ಹಾಗೆಯೇ ನಡೆಯದು. 64 ಬಿಟ್ಟಿನ ವಿಂಡೋಸ್ ಆದರೋ ಆ ಹಳೆಯ ಕಂಪೈಲರನ್ನೇ ನೇರವಾಗಿ ನಡೆಸುವುದಿಲ್ಲ. ಡಾಸ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಹಳೆಯ ಕಂಪ್ಯೂಟರೊಂದನ್ನು ನಟಿಸಿ ತೋರಿಸಬೇಕು. ಪಾಠ ಕಲಿಸಲು ಇಂಥ ನಾಟಕವೇಕೆ?

ಭೌತವಿಜ್ಞಾನದಲ್ಲಿ ಒಂದು ಪ್ರಯೋಗಶಾಲೆಯ ಫಲಿತಾಂಶವನ್ನು ಇನ್ನೊಂದು ಶಾಲೆ ಬೇರೆ ಉಪಕರಣಗಳಿಂದ ಪರೀಕ್ಷಿಸುತ್ತದೆ. ಗಣನೆಗೂ ಈ ನಿಯಮ ಸಲ್ಲಬೇಡವೆ? ಟರ್ಬೊ ಸಿ ಬಂದ ವರ್ಷವೇ ರಿಚರ್ಡ್ ಸ್ಟಾಲ್ಮನ್ನರ ಜಿಸಿಸಿ ಕಂಪೈಲರೂ ಬಂದಿತು. ಅದರ ಮೂಲಪಾಠವು ಎಲ್ಲರಿಗೂ ತೆರೆದಿರುವುದರಿಂದ, ಹೊಸ ಯಂತ್ರಗಳು ಬಂದಂತೆಲ್ಲ ಯಾರೋ ಅದನ್ನು ಹೊಂದಿಸುತ್ತ ಬಂದರು. ಇಂದು ಅದು ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ದೊರೆಯುತ್ತದೆ, ಬೆಲೆಯಿಲ್ಲ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ಬಿನ್ನಹ: ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರೋಗ್ರಾಮನ್ನು ಎರಡು ಬೇರೆ ಕಂಪೈಲರುಗಳಲ್ಲಿ ನಡೆಸಿ ತೋರಿಸಿದವರಿಗೆ ಎರಡು ಅಂಕಗಳನ್ನು ಮೀಸಲಿಡಿರಿ.