ಕೋಕೋ: ಸಸಿ ನೆಡುವ ಮೊದಲು ಹಾಕಬೇಕಾದ ಲೆಕ್ಕ

2024ರಲ್ಲಿ ಕೋಕೋ ಬೀಜದ ಅಂತರರಾಷ್ಟ್ರೀಯ ಬೆಲೆ ಟನ್ನಿಗೆ ಹತ್ತು ಸಾವಿರ ಡಾಲರನ್ನು ದಾಟಿತು. ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಲ್ಲಿ ರೋಗ ಹಾಗೂ ಹವಾಮಾನದ ಏರುಪೇರಿನಿಂದ ಫಸಲು ಕುಸಿದದ್ದು ಇದಕ್ಕೆ ಮುಖ್ಯ ಕಾರಣ. 2025ರಲ್ಲಿ ಅದೇ ಬೆಲೆ ಇಳಿಯತೊಡಗಿತು. ಬೆಲೆಯನ್ನು ನೋಡಿ ನೆಟ್ಟ ಸಸಿ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಬೆಲೆ ಅಷ್ಟು ಕಾಲ ಕಾದು ಕುಳಿತಿರುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ರೈತರು ತೆಂಗಿನ ನಡುವೆ ಕೋಕೋ ಇಡುವ ಮೊದಲು ಇದನ್ನು ಮನಗಾಣಬೇಕು.

ಈ ಪಾಠ ಕರಾವಳಿಗೆ ಹೊಸದಲ್ಲ. ಎಪ್ಪತ್ತರ ದಶಕದಲ್ಲಿ ಅಡಿಕೆ ತೋಟಗಳ ನಡುವೆ ಉತ್ಸಾಹದಿಂದ ಹಬ್ಬಿದ ಈ ಬೆಳೆ, ದಶಕದ ಕೊನೆಗೆ ಖಾಸಗಿ ಕೊಳ್ಳುಗರು ಕೈಬಿಟ್ಟಾಗ ಕೇಳುವವರಿಲ್ಲದೆ ಉಳಿಯಿತು. ಅನೇಕರು ಗಿಡಗಳನ್ನೇ ಕಡಿದುಹಾಕಿದರು. ಆಗ ಬೀಜ ಖರೀದಿಗೆ ಮುಂದೆ ಬಂದದ್ದು 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಸಹಕಾರ ಸಂಸ್ಥೆ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಬೆಳೆಗಾರನನ್ನು ಉಳಿಸಿದ್ದು ಪೇಟೆಯ ದಯೆಯಲ್ಲ, ಅವನದೇ ಸಹಕಾರ ಸಂಘ.

ಈಗ ಹೊಸದೊಂದು ಆಸೆ ಹುಟ್ಟಿದೆ. ಬೀಜವನ್ನು ತಾವೇ ಆರಿಸಿ, ಹುರಿದು, ರುಬ್ಬಿ, ಅಚ್ಚಿಗೆ ಹಾಕುವ ‘ಬೀನ್ ಟು ಬಾರ್’ ತಯಾರಕರು ನಮ್ಮ ನಾಡಿನಲ್ಲೂ ಇದ್ದಾರೆ. ಮೈಸೂರಿನಲ್ಲಿ 2012ರಲ್ಲಿ ‘ಅರ್ತ್ ಲೋಫ್’ ಎಂದು ಹುಟ್ಟಿ ‘ನವಿಲುನಾ’ ಎಂದು ಹೆಸರು ಬದಲಿಸಿಕೊಂಡ ಉದ್ಯಮ ಭಾರತದ ಬೀಜಕ್ಕೇ ಮನ್ನಣೆ ತಂದಿತು. ಕೊಯಮತ್ತೂರಿನ ಇಡ್ಲಿ-ದೋಸೆ ಹಿಟ್ಟು ರುಬ್ಬುವ ಯಂತ್ರವೇ ರೂಪಾಂತರಗೊಂಡು ಅಮೆರಿಕೆಯ ಸಣ್ಣ ತಯಾರಕರ ಕೈಸೇರಿರುವಾಗ, ಈ ಕೆಲಸಕ್ಕೆ ದೊಡ್ಡ ಕಾರ್ಖಾನೆಯೇ ಬೇಕೆನ್ನುವ ವಾದ ನಿಲ್ಲದು. ಈ ಪ್ರಯತ್ನಗಳು ಸ್ವಾಗತಾರ್ಹ. ಆದರೆ ಹೊದಿಕೆಯ ಮೇಲೆ ತೋಟದ ಹೆಸರು ಅಚ್ಚಾದ ಮಾತ್ರಕ್ಕೆ ತೋಟದವನಿಗೆ ನ್ಯಾಯ ದೊರೆತಂತಾಗದು.

ಚಾಕೊಲೇಟಿನ ರುಚಿ ಹುಟ್ಟುವುದು ಅಂಗಡಿಯಲ್ಲಲ್ಲ, ತೋಟದ ಅಂಗಳದಲ್ಲಿ. ಕಾಯಿ ಒಡೆದು ತೆಗೆದ ಹಸಿ ಬೀಜವನ್ನು ಐದಾರು ದಿನ ಹುದುಗಿಸಿ, ನಡುನಡುವೆ ತಿರುವಿ, ಬಿಸಿಲಿನಲ್ಲಿ ಒಣಗಿಸಿದಾಗಲೇ ಆ ಪರಿಮಳ ಮೂಡುತ್ತದೆ. ಸುಮಾರು ಮೂರು ಕಿಲೋ ಹಸಿ ಬೀಜ ಒಣಗಿದರೆ ಒಂದು ಕಿಲೋ. ಹಸಿ ಬೀಜವನ್ನೇ ಮಾರಿದವನು ಈ ಮೌಲ್ಯವನ್ನೆಲ್ಲ ಬಿಟ್ಟುಕೊಡುತ್ತಾನೆ. ಆದ್ದರಿಂದ ಹುದುಗಿಸುವ ಪೆಟ್ಟಿಗೆ ಮತ್ತು ಒಣಗಿಸುವ ಕಣ ಊರ ಸಂಘದ ಸ್ವತ್ತಾಗಬೇಕು; ತಯಾರಕನೊಂದಿಗಿನ ಬೆಲೆಯ ಒಪ್ಪಂದ ಸಸಿ ನೆಡುವ ಮೊದಲೇ ಬರವಣಿಗೆಯಲ್ಲಿರಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ಅಮೆಜಾನ್ ಕಾಡಿನ ನೆರಳಿನಲ್ಲಿ ಹುಟ್ಟಿದ ಈ ಗಿಡ ವರ್ಷಕ್ಕೆ 1,500ರಿಂದ 2,000 ಮಿಲಿಮೀಟರ್ ಮಳೆ ಬಯಸುತ್ತದೆ. ಒಣ ತಿಂಗಳು ಮೂರನ್ನು ಮೀರಬಾರದು. ಅರಕಲಗೂಡಿನ ಪಡುವಣ ಅಂಚು ಮಲೆನಾಡಿಗೆ ಹತ್ತಿರ. ಚನ್ನರಾಯಪಟ್ಟಣವೋ ಮಳೆನೆರಳಿನ ಬಯಲು. ಅಲ್ಲಿ ತೆಂಗಿನ ತೋಟಕ್ಕೆ ಕೋಕೋ ಸೇರಿಸುವುದೆಂದರೆ ಬೇಸಿಗೆಯಲ್ಲಿ ಇನ್ನೊಂದು ಕೊಳವೆಬಾವಿ ಕೊರೆಯುವುದೆಂದೇ ಅರ್ಥ. ರಾಮನಾಥಪುರದ ಹರಾಜು ಮಾರುಕಟ್ಟೆಯನ್ನು ನಂಬಿದ ಹೊಗೆಸೊಪ್ಪಿನ ಒಣ ಹೊಲಕ್ಕೂ ಕೋಕೋ ಪರ್ಯಾಯವಾಗದು: ಅಲ್ಲಿ ನೆರಳಿಲ್ಲ, ಬೇಸಿಗೆಯ ನೀರೂ ಇಲ್ಲ. ಜೊತೆಗೆ ಕೋಕೋ ಕಾಯಿಯನ್ನು ಕಪ್ಪಾಗಿಸಿ ಕೊಳೆಸುವ ಫೈಟಾಫ್ತೊರಾ ಪಾಮಿವೋರಾ ಎಂಬ ಸೂಕ್ಷ್ಮಜೀವಿಯೇ ತೆಂಗಿನ ಸುಳಿಕೊಳೆಗೂ ಕಾರಣ. ಒತ್ತೊತ್ತಾಗಿ ನೆಟ್ಟು ಸವರದೆ ಬಿಟ್ಟ ತೋಟದಲ್ಲಿ ಎರಡು ಬೆಳೆಗೂ ಅಪಾಯ.

ಹಾಗೆಂದು ಕೋಕೋವನ್ನು ಬಹಿಷ್ಕರಿಸಬೇಕೆಂದಲ್ಲ. ಅದು ಉದುರಿಸುವ ಎಲೆ ಮಣ್ಣಿಗೆ ಹೊದಿಕೆ. ನೀರಿರುವ ತೋಟಕ್ಕೆ ಅದೊಂದು ಒಳ್ಳೆಯ ಮಿಶ್ರಬೆಳೆ. ನೀರಿಲ್ಲದ ಕಡೆ ಸಸಿ ಹಂಚುವ ಮತ್ತು ಸಹಾಯಧನದ ಆಸೆ ತೋರಿಸುವ ಯೋಜನೆಗಳನ್ನು ಮಾತ್ರ ಗ್ರಾಮಸಭೆಗಳು ಪ್ರಶ್ನಿಸಬೇಕು. ಎಷ್ಟು ಸಸಿ ಹಂಚಿದೆವೆಂಬ ಲೆಕ್ಕ ಒಪ್ಪಿಸುವ ಇಲಾಖೆ, ಕೊಳ್ಳುವವರು ಯಾರು, ನೀರು ಎಲ್ಲಿಯದು ಎಂಬ ಎರಡು ಪ್ರಶ್ನೆಗಳಿಗೂ ಅದೇ ಸಭೆಯಲ್ಲಿ ಉತ್ತರ ಕೊಡಲಿ. ಉತ್ತರ ಸಿಗದಿದ್ದರೆ ಆ ಸಸಿಗಳು ನರ್ಸರಿಯಲ್ಲೇ ಉಳಿಯಲಿ.