ಗೇಮ್‌ನಲ್ಲಿ ಮುಖ ರೂಪಿಸುವುದು, ತರಗತಿಯಲ್ಲಿ ಭಿನ್ನತೆ ಕಲಿಸುವುದು

ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡಲು ಹೊರಟ ಪ್ರಶಿಕ್ಷಣಾರ್ಥಿಯ ಕೈಯಲ್ಲಿ ಸಾಮಾನ್ಯವಾಗಿ ಎರಡು ಚಾರ್ಟ್ ಇರುತ್ತವೆ. ಒಂದು ಮೆಂಡೆಲ್ ಅವರ ಬಟಾಣಿ ಗಿಡದ್ದು, ಇನ್ನೊಂದು ಪನ್ನೆಟ್ ಚೌಕದ್ದು. ಇವುಗಳ ಜೊತೆಗೆ ವಿಡಿಯೋ ಗೇಮ್‌ನಲ್ಲಿ ರೂಪಿಸಿದ ಮುಖಗಳನ್ನೂ ತರಗತಿಗೆ ಒಯ್ಯಬೇಕು ಎಂಬುದು ನನ್ನ ಅಭಿಪ್ರಾಯ. ಇಡೀ ಆಟವನ್ನು ಆಡಿಸಬೇಕು ಎಂದಲ್ಲ. ಪಾತ್ರಕ್ಕೆ ಮುಖ ಕೊಡುವ ಮೊದಲ ಭಾಗವಷ್ಟೇ ಸಾಕು. ಒಬ್ಬರಂತೆ ಇನ್ನೊಬ್ಬರು ಕಾಣದ ನಾಲ್ಕು ಮುಖಗಳನ್ನು ರೂಪಿಸಲು ಕುಳಿತ ವಿದ್ಯಾರ್ಥಿ, ‘ಭಿನ್ನತೆ’ ಎಂಬ ಪಾಠದ ಪದವನ್ನು ಕೈಯಿಂದ ಮಾಡಿ ಕಲಿಯುತ್ತಾನೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಲೈಫ್ ಸಿಮ್ಯುಲೇಶನ್ ಗೇಮ್ ಎಂದರೆ ಬದುಕನ್ನು ಅನುಕರಿಸುವ ಆಟ. ಇದರಲ್ಲಿ ಗುಂಡು ಹಾರಿಸುವುದು, ರೇಸ್ ಗೆಲ್ಲುವುದು ಮುಖ್ಯವಲ್ಲ. ಆಡುವವರು ಮನುಷ್ಯರನ್ನು ಸೃಷ್ಟಿಸಿ, ಮನೆ ಕಟ್ಟಿಕೊಟ್ಟು, ಅವರ ದಿನಚರಿಯನ್ನು ನಡೆಸುತ್ತಾರೆ. ವಿಲ್ ರೈಟ್ ರೂಪಿಸಿದ ‘ದಿ ಸಿಮ್ಸ್’ 2000ದಲ್ಲಿ ಬಂತು. ಈಗ ಹೆಚ್ಚು ಬಳಕೆಯಲ್ಲಿರುವ ‘ದಿ ಸಿಮ್ಸ್ 4’ 2014ರಲ್ಲಿ ಬಂತು. ಇದರಲ್ಲಿ ಪಾತ್ರದ ಮುಖದ ಮೇಲೆ ಮೌಸ್ ಇಟ್ಟು ದವಡೆ, ಕೆನ್ನೆ, ಹುಬ್ಬು, ಮೂಗಿನ ತುದಿಯನ್ನು ಮಣ್ಣಿನ ಗೊಂಬೆಯಂತೆ ಎಳೆದು ತಿದ್ದಬಹುದು. ನಿಂಟೆಂಡೊ ಕಂಪನಿ 2006ರಲ್ಲಿ ತಂದ ‘ಮೀ’ ಎಂಬ ಪುಟ್ಟ ಪಾತ್ರಗಳ ದಾರಿ ಬೇರೆ. ಅಲ್ಲಿ ಸಿದ್ಧ ಕಣ್ಣು, ಹುಬ್ಬು, ಮೂಗು, ಬಾಯಿಗಳಿರುತ್ತವೆ. ಅವನ್ನು ಮೇಲೆ ಕೆಳಗೆ ಸರಿಸಿ, ಹಿಗ್ಗಿಸಿ ಕುಗ್ಗಿಸಿ ಮುಖ ಮಾಡಬೇಕು. ಜಪಾನಿನಲ್ಲಿ 2013ರಲ್ಲಿ ಬಿಡುಗಡೆಯಾದ ‘ಟೊಮೊಡಾಚಿ ಲೈಫ್’ ಆಟದಲ್ಲಿ ಇಂಥ ಪಾತ್ರಗಳೇ ಒಂದು ದ್ವೀಪದಲ್ಲಿ ವಾಸಿಸುತ್ತವೆ.

ಇಷ್ಟೆಲ್ಲ ಸೌಲಭ್ಯ ಇದ್ದರೂ ಆಡುವವರಿಗೆ ಒಂದು ತೊಂದರೆ ಎದುರಾಗುತ್ತದೆ. ಹತ್ತು ಪಾತ್ರ ಮಾಡಿದರೆ ಹತ್ತೂ ಅಣ್ಣತಮ್ಮಂದಿರಂತೆ, ಅಕ್ಕತಂಗಿಯರಂತೆ ಕಾಣುತ್ತವೆ. ಹುಮನಾಬಾದ್‌ನಲ್ಲಿ ಪಾಠಾಭ್ಯಾಸ ನಡೆಸಿದ ಶಾಲೆಯಲ್ಲಿ, ಮಾರ್ಗದರ್ಶಕ ಶಿಕ್ಷಕಿಯ ಅನುಮತಿ ಪಡೆದು, ನನ್ನ ಲ್ಯಾಪ್‌ಟಾಪಿನಲ್ಲಿ ಮಕ್ಕಳಿಂದ ಗುಂಪಿಗೊಂದು ಮುಖ ಮಾಡಿಸಿದೆ. ಮೊದಲ ಸುತ್ತಿನಲ್ಲಿ ಬಂದ ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ: ದೊಡ್ಡ ಕಣ್ಣು, ಸಣ್ಣ ಮೂಗು, ಚೂಪು ಗಲ್ಲ, ಬಿಳಿ ಬಣ್ಣ. ಕೂದಲು ಮತ್ತು ಅಂಗಿ ಮಾತ್ರ ಬೇರೆ ಬೇರೆ. ಮಕ್ಕಳಿಗೆ ಕಲ್ಪನೆ ಇಲ್ಲ ಎಂದು ಇದರ ಅರ್ಥವಲ್ಲ. ಚಂದದ ಮುಖ ಮಾಡಬೇಕೆಂದು ಹೊರಟವರೆಲ್ಲ ಸರಾಸರಿಯ ಕಡೆಗೇ ಸರಿಯುತ್ತಾರೆ.

ಇದಕ್ಕೆ ವಿಜ್ಞಾನದಲ್ಲಿ ವಿವರಣೆ ಇದೆ. ಫ್ರಾನ್ಸಿಸ್ ಗಾಲ್ಟನ್ 1870ರ ದಶಕದಲ್ಲಿ ಹಲವರ ಭಾವಚಿತ್ರಗಳನ್ನು ಒಂದೇ ಫೋಟೋ ತಟ್ಟೆಯ ಮೇಲೆ ಒಂದರ ಮೇಲೊಂದು ಮೂಡಿಸಿದರು. ಅಪರಾಧಿಗಳ ‘ಮಾದರಿ ಮುಖ’ ಸಿಗುತ್ತದೆ ಎಂಬುದು ಅವರ ನಿರೀಕ್ಷೆ. ಸಿಕ್ಕಿದ್ದು ಒಬ್ಬೊಬ್ಬರ ಮುಖಕ್ಕಿಂತ ನಯವಾದ, ನೋಡಲು ಹಿತವಾದ, ಯಾರದೂ ಅಲ್ಲದ ಮುಖ. 1990ರಲ್ಲಿ ಲ್ಯಾಂಗ್ಲೋಯಿಸ್ ಮತ್ತು ರಾಗ್‌ಮನ್ ಎಂಬ ಮನೋವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮುಖಗಳ ಸರಾಸರಿ ತೆಗೆದು ನೋಡಿದಾಗಲೂ, ಸರಾಸರಿ ಮುಖವನ್ನೇ ಜನ ಹೆಚ್ಚು ಆಕರ್ಷಕ ಎಂದರು. ಆದರೆ ನೆನಪಿನಲ್ಲಿ ಉಳಿಯುವುದರ ನಿಯಮ ಇದಕ್ಕೆ ವಿರುದ್ಧ. 1987ರಲ್ಲಿ ಗಿಲಿಯನ್ ರೋಡ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಪರಿಚಿತರ ಯಥಾವತ್ ರೇಖಾಚಿತ್ರಕ್ಕಿಂತ ಅವರ ಲಕ್ಷಣಗಳನ್ನು ತುಸು ಉತ್ಪ್ರೇಕ್ಷಿಸಿದ ಚಿತ್ರವನ್ನು ಜನ ಬೇಗ ಗುರುತಿಸಿದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’ ಒಂದು ಮಾತೂ ಆಡದೆ ದಶಕಗಳ ಕಾಲ ಓದುಗರ ನೆನಪಿನಲ್ಲಿ ನಿಂತದ್ದಕ್ಕೆ ಆ ಬೋಳುತಲೆ, ಮೀಸೆ, ಕನ್ನಡಕಗಳೂ ಕಾರಣ. ಸರಾಸರಿಯಿಂದ ಯಾರು ಎಲ್ಲಿ, ಎಷ್ಟು ದೂರ ಸರಿದಿದ್ದಾರೆ ಎಂಬುದೇ ಅವರ ಗುರುತು.

ಹಾಗಾಗಿ ಎರಡನೆಯ ಸುತ್ತಿಗೆ ಮಕ್ಕಳಿಗೆ ಕೆಲವು ಸೂಚನೆ ಕೊಟ್ಟೆ. ಪಾಠಯೋಜನೆಯಲ್ಲಿ ಬರೆದುಕೊಳ್ಳಲು ಅನುಕೂಲವಾಗಲೆಂದು ಅವನ್ನು ಇಲ್ಲಿ ಹೇಳುತ್ತೇನೆ. ಮೊದಲು ತಲೆಯ ಒಟ್ಟು ಆಕಾರ ನಿರ್ಧರಿಸಿ: ಉದ್ದವೋ, ದುಂಡೋ, ಚೌಕವೋ. ಕಣ್ಣು ಮೂಗಿಗೆ ಕೈ ಹಾಕುವುದು ಆಮೇಲೆ. ಎರಡನೆಯದಾಗಿ, ಅಂಗಗಳಿಗಿಂತ ಅವುಗಳ ನಡುವಿನ ಅಂತರ ನೋಡಿ. ಹುಬ್ಬಿಗೂ ಕಣ್ಣಿಗೂ ಎಷ್ಟು ದೂರ, ಮೂಗಿಗೂ ಮೇಲ್ದುಟಿಗೂ ಎಷ್ಟು ದೂರ ಎಂಬುದು ಬದಲಾದರೆ ಅದೇ ಕಣ್ಣು, ಅದೇ ಮೂಗು ಬೇರೆ ಮನುಷ್ಯನದಾಗುತ್ತದೆ. ಮೂರನೆಯದಾಗಿ, ಒಂದೆರಡು ಲಕ್ಷಣಗಳನ್ನು ಮಾತ್ರ ಸರಾಸರಿಯಿಂದ ದೂರ ಒಯ್ಯಿರಿ, ಉಳಿದದ್ದನ್ನು ಹಾಗೇ ಬಿಡಿ. ಎಲ್ಲವನ್ನೂ ಎಳೆದರೆ ಮನುಷ್ಯ ಹೋಗಿ ರಾಕ್ಷಸ ಬರುತ್ತಾನೆ. ನಾಲ್ಕನೆಯದಾಗಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿ ನೋಡಿ. ಎದುರಿನಿಂದ ಮಾತ್ರ ತಿದ್ದಿದ ಮುಖಗಳು ಪಕ್ಕದಿಂದ ಒಂದೇ ಅಚ್ಚಿನವಾಗಿ ಕಾಣುತ್ತವೆ. ನಮ್ಮ ತೊಗಲುಗೊಂಬೆಯ ಕಲಾವಿದರು ಹೆಚ್ಚಿನ ಪಾತ್ರಗಳ ಮುಖವನ್ನು ಪಕ್ಕನೋಟದಲ್ಲಿ ಕತ್ತರಿಸುವುದನ್ನು ನೆನೆದರೆ, ಹಣೆ, ಮೂಗು, ಗಲ್ಲದ ಒಂದೇ ಗೆರೆ ಎಷ್ಟು ಹೇಳಬಲ್ಲದು ಎಂಬುದು ತಿಳಿಯುತ್ತದೆ.

ಕೊನೆಯದು ಪರೀಕ್ಷೆ. ಕೂದಲು, ಕನ್ನಡಕ, ಆಭರಣ, ಬಟ್ಟೆ ಎಲ್ಲ ತೆಗೆದ ಮೇಲೂ ಪಾತ್ರದ ಗುರುತು ಸಿಗುತ್ತದೆಯೇ? ಈ ಪ್ರಶ್ನೆಯನ್ನು ಬಸವಕಲ್ಯಾಣದವರಿಗೆ ವಿವರಿಸುವುದು ಸುಲಭ. ಶರಣರ ಚಿತ್ರಗಳಲ್ಲಿ ಅಂಬಿಗರ ಚೌಡಯ್ಯನವರನ್ನು ದೋಣಿಯ ಹುಟ್ಟಿನಿಂದ, ಮಡಿವಾಳ ಮಾಚಯ್ಯನವರನ್ನು ಬಟ್ಟೆಯ ಗಂಟಿನಿಂದ, ಅಕ್ಕಮಹಾದೇವಿಯವರನ್ನು ಇಳಿಬಿಟ್ಟ ಕೂದಲಿನಿಂದ ಗುರುತಿಸುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಅವರನ್ನು ಎದುರಿಗೆ ಕೂರಿಸಿಕೊಂಡು ಬರೆದ ಭಾವಚಿತ್ರ ನಮ್ಮಲ್ಲಿಲ್ಲ. ಹಾಗಾಗಿ ಕಲಾವಿದರು ಕಾಯಕದ ಗುರುತನ್ನು ಹಿಡಿದದ್ದು ಸರಿಯಾದ ದಾರಿಯೇ. ಆದರೆ ಜೀವವಿಜ್ಞಾನದ ಪಾಠಕ್ಕೆ ಬೇಕಾದದ್ದು ತೊಟ್ಟ ಗುರುತಲ್ಲ, ಹುಟ್ಟಿನಿಂದ ಬಂದ ಗುರುತು. ಈ ಎರಡರ ವ್ಯತ್ಯಾಸವನ್ನು ಮಕ್ಕಳು ಗೇಮ್‌ನಲ್ಲಿ ಟೋಪಿ ತೆಗೆದ ಕ್ಷಣವೇ ಕಂಡುಕೊಳ್ಳುತ್ತಾರೆ. ಎರಡನೆಯ ಸುತ್ತಿನಲ್ಲಿ ಅಗಲ ದವಡೆಯ, ಒಳಸೇರಿದ ಕಣ್ಣಿನ ಅಜ್ಜಿಯೊಬ್ಬಳು ಪರದೆಯ ಮೇಲೆ ಬಂದಾಗ, ಹಿಂದಿನ ಬೆಂಚಿನಿಂದ “ಸರ್, ನಮ್ಮ ಆಯಿ ಕಂಡಂಗ ಕಾಣ್ಲತ್ತಾಳ್ರಿ” ಎಂಬ ಮಾತು ಬಂತು. ಮೊದಲ ಸುತ್ತಿನ ಚಂದದ ಮುಖಗಳಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಇಷ್ಟಕ್ಕೆ ಗೇಮ್ ಏಕೆ, ಮಕ್ಕಳ ಮುಖಗಳನ್ನೇ ನೋಡಿ ಪಾಠ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ನನ್ನ ವಾದದ ಮುಖ್ಯ ಭಾಗ ಇಲ್ಲಿದೆ. ಪಠ್ಯದಲ್ಲಿ ಕಿವಿಹಾಲೆಯ ಚಟುವಟಿಕೆ ಇದೆ: ತರಗತಿಯಲ್ಲಿ ಯಾರ ಕಿವಿಹಾಲೆ ಮುಕ್ತ, ಯಾರದು ಅಂಟಿಕೊಂಡದ್ದು ಎಂದು ಪಟ್ಟಿ ಮಾಡಿ, ಅದನ್ನು ತಂದೆತಾಯಿಯರ ಕಿವಿಹಾಲೆಯೊಂದಿಗೆ ಹೋಲಿಸಿ ನಿಯಮ ಊಹಿಸಬೇಕು. ನಮ್ಮೆರಡು ತಾಲೂಕುಗಳ ಮೂಲಕ ಹೈದರಾಬಾದ್–ಪುಣೆ ಹೆದ್ದಾರಿ ಹಾಯುತ್ತದೆ. ಆ ದಾರಿಯಲ್ಲಿ ಕೆಲಸಕ್ಕೆ ಹೋದ ತಂದೆಯನ್ನು ತಿಂಗಳುಗಟ್ಟಲೆ ನೋಡದ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ತಂದೆ ಅಥವಾ ತಾಯಿಯನ್ನು ಕಳೆದುಕೊಂಡವರಿದ್ದಾರೆ. ಸೋದರಮಾವನ ಮನೆಯಲ್ಲಿ, ಹಾಸ್ಟೆಲಿನಲ್ಲಿ ಬೆಳೆಯುವವರಿದ್ದಾರೆ. ದತ್ತು ಮಗುವೂ ಇರಬಹುದು. “ನಿನ್ನ ಅಪ್ಪನ ಕಿವಿ ಹೇಗಿದೆ?” ಎಂಬ ನಮ್ಮ ಸರಳ ಪ್ರಶ್ನೆ ಆ ಮಗುವಿಗೆ ಸರಳವಲ್ಲ. ಇದರ ಮೇಲೆ, ಕಿವಿಹಾಲೆ ಒಂದೇ ಜೋಡಿ ಜೀನ್‌ನಿಂದ ನಿರ್ಧಾರವಾಗುವ ಗುಣವಲ್ಲ. ಅದರ ಹಿಂದೆ ಅನೇಕ ಜೀನ್‌ಗಳಿವೆ, ಮುಕ್ತಕ್ಕೂ ಅಂಟಿದ್ದಕ್ಕೂ ನಡುವಿನ ರೂಪಗಳೂ ಇವೆ. ಲೆಕ್ಕ ಹೊಂದದಿದ್ದಾಗ ಮಗು ಅನುಮಾನಿಸುವುದು ಪಠ್ಯವನ್ನಲ್ಲ, ತನ್ನ ಮನೆಯನ್ನು. ಕಲ್ಪಿತ ಕುಟುಂಬದ ಮುಖಗಳಿದ್ದರೆ ಈ ಅಪಾಯವಿಲ್ಲ. ಅಜ್ಜ, ಅಜ್ಜಿ, ಅಪ್ಪ, ಅವ್ವ ಎಲ್ಲರೂ ಗುಂಪಿನವರೇ ಮಾಡಿದವರು. ಯಾರ ಮನೆಯ ಕಥೆಯೂ ಹೊರಗೆ ಬರುವುದಿಲ್ಲ.

ಆದರೆ ಗೇಮ್ ಹೇಳಿದ್ದೆಲ್ಲ ವಿಜ್ಞಾನವಲ್ಲ. 2004ರ ‘ದಿ ಸಿಮ್ಸ್ 2’ ಆಟದಲ್ಲಿ ಕೂದಲು ಮತ್ತು ಕಣ್ಣಿನ ಬಣ್ಣಕ್ಕೆ ಪ್ರಬಲ, ದುರ್ಬಲ ಗುಣಗಳ ಲೆಕ್ಕ ಅಳವಡಿಸಿದ್ದರು. ‘ದಿ ಸಿಮ್ಸ್ 4’ರಲ್ಲಿ ತಂದೆತಾಯಿಯ ಮುಖ ಮಾಡಿಟ್ಟು ಮಗುವನ್ನು ಕೇಳಿದರೆ ಇಬ್ಬರ ಲಕ್ಷಣ ಬೆರೆಸಿ ಒಂದು ಮುಖ ಕೊಡುತ್ತದೆ. ‘ಬೆರೆಸುವುದು’ ಎಂಬ ಈ ಕಲ್ಪನೆಯನ್ನೇ ಪಾಠದ ಪ್ರಶ್ನೆಯಾಗಿಸಬೇಕು. ಮೂಗಿನ ಅಗಲಕ್ಕೆ ಅಪ್ಪನಿಗೆ 10, ಅವ್ವನಿಗೆ 2 ಅಂಕ ಕೊಡೋಣ. ಬೆರೆತರೆ ಮಕ್ಕಳಿಗೆಲ್ಲ 6. ಆ 6ರ ಮೂಗು ಇನ್ನೊಂದು 6ರ ಮನೆಗೆ ಹೋದರೆ ಮೊಮ್ಮಕ್ಕಳಿಗೂ 6. ಹೀಗಾದರೆ ಕೆಲವೇ ತಲೆಮಾರುಗಳಲ್ಲಿ ಇಡೀ ಊರಿಗೆ ಒಂದೇ ಮೂಗು. ಡಾರ್ವಿನ್ ಅವರ ಸಿದ್ಧಾಂತಕ್ಕೆ 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎತ್ತಿದ ಆಕ್ಷೇಪದ ತಿರುಳು ಇದೇ. ವಾಸ್ತವದಲ್ಲಿ ಹಾಗಾಗುವುದಿಲ್ಲ. “ಮಗನಿಗೆ ಬರಲಿಲ್ಲ, ಮೊಮ್ಮಗನಿಗೆ ಅಜ್ಜನ ಮೂಗು ಬಂತು” ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮಾತಿನಲ್ಲಿ, ಗುಣಗಳು ಕರಗಿಹೋಗದೆ ಅಡಗಿ ಮತ್ತೆ ಕಾಣಿಸಿಕೊಳ್ಳುತ್ತವೆ ಎಂಬ ತಿಳಿವಳಿಕೆ ಇದೆ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಲೇಖನ ಬಟಾಣಿಯಲ್ಲಿ ತೋರಿಸಿದ್ದೂ ಅದನ್ನೇ. ಗೇಮ್ ಕೊಟ್ಟ ಮಗುವಿನ ಮುಖವನ್ನು ಪನ್ನೆಟ್ ಚೌಕದ ಪಕ್ಕದಲ್ಲಿಟ್ಟು “ಇವೆರಡರಲ್ಲಿ ಯಾವುದು ಭಿನ್ನತೆಯನ್ನು ಉಳಿಸುತ್ತದೆ?” ಎಂದು ಕೇಳಿದರೆ, ಮೆಂಡೆಲ್ ಏಕೆ ಬೇಕಾದರು ಎಂಬುದು ಮಕ್ಕಳಿಗೆ ಹೊಳೆಯುತ್ತದೆ.

ಬಣ್ಣದ ವಿಚಾರವನ್ನು ಬದಿಗಿಟ್ಟು ಈ ಪಾಠ ಮುಗಿಸಬಾರದು. ‘ದಿ ಸಿಮ್ಸ್ 4’ ಬಂದು ಆರು ವರ್ಷಗಳ ಮೇಲೆ, 2020ರ ಡಿಸೆಂಬರಿನಲ್ಲಿ, ಆಟಗಾರರ ಒತ್ತಾಯದ ನಂತರ ನೂರಕ್ಕೂ ಹೆಚ್ಚು ಹೊಸ ಚರ್ಮದ ಬಣ್ಣಗಳನ್ನು ಸೇರಿಸಲಾಯಿತು. ಅದೇ ವರ್ಷ ನಮ್ಮ ದೇಶದಲ್ಲಿ ‘ಫೇರ್ ಅಂಡ್ ಲವ್ಲಿ’ ಕ್ರೀಮ್ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದರೂ ನಮ್ಮ ಮಕ್ಕಳು ತಿಳಿಗುಲಾಬಿ ಬಣ್ಣದ ಕ್ರೆಯಾನ್‌ಗೆ ಇನ್ನೂ ‘ಸ್ಕಿನ್ ಕಲರ್’ ಎನ್ನುತ್ತಾರೆ. ನಮ್ಮ ಪಾಠಾಭ್ಯಾಸದ ಚಾರ್ಟುಗಳಲ್ಲಿರುವ ರೈತ, ವೈದ್ಯೆ, ವಿದ್ಯಾರ್ಥಿ ಎಲ್ಲರಿಗೂ ಅದೇ ಬಣ್ಣ, ಅದೇ ಮುಖ. ನೂರು ಬಣ್ಣಗಳಿರುವ ಪಟ್ಟಿಯನ್ನು ಪರದೆಯ ಮೇಲೆ ತೆರೆದು, ನಿಮ್ಮ ಓಣಿಯಲ್ಲಿ ಯಾವ ಬಣ್ಣಗಳಿವೆ ಎಂದು ಕೇಳುವುದು ಭಿನ್ನತೆಯ ಪಾಠದ ಭಾಗವೇ ಹೌದು.

ಇದರಲ್ಲಿ ಒಂದು ಎಚ್ಚರವೂ ಬೇಕು. ಗೇಮ್‌ನಲ್ಲಿ ಪಾತ್ರವನ್ನು ಮರೆಯಲಾಗದಂತೆ ಮಾಡುವ ಮೂಗು, ಕಿವಿ, ಹಲ್ಲುಗಳೇ ತರಗತಿಯಲ್ಲಿ ಅಡ್ಡಹೆಸರಿಗೆ ಕಾರಣವಾಗುತ್ತವೆ. ಹಾಗಾಗಿ ನಾನು ಪಾಲಿಸಿದ ನಿಯಮಗಳು ಎರಡು: ಸಹಪಾಠಿಯ, ಶಿಕ್ಷಕರ, ಊರಿನವರ ಮುಖವನ್ನು ಮಾಡಬಾರದು, ಮಾಡಿದ ಪ್ರತಿ ಪಾತ್ರಕ್ಕೂ ಹೆಸರು, ಕೆಲಸ ಮತ್ತು ಒಂದು ಒಳ್ಳೆಯ ಗುಣ ಬರೆಯಬೇಕು. ಹೆಸರಿಟ್ಟು ಬದುಕು ಕೊಟ್ಟ ಮೇಲೆ ಆ ಮೂಗು ನಗೆಪಾಟಲಿನ ವಸ್ತುವಾಗಿ ಉಳಿಯುವುದಿಲ್ಲ.

ಸೌಲಭ್ಯದ ಪ್ರಶ್ನೆ ನ್ಯಾಯವಾದದ್ದೇ. ಈ ಆಟದ ಮೂಲ ಭಾಗ 2022ರ ಅಕ್ಟೋಬರಿನಿಂದ ಉಚಿತವಾದರೂ, ಅದಕ್ಕೆ ಒಳ್ಳೆಯ ಕಂಪ್ಯೂಟರ್ ಮತ್ತು ಇಂಟರ್ನೆಟ್ ಬೇಕು. ಹೆಚ್ಚುವರಿ ಭಾಗಗಳಿಗೆ ದುಡ್ಡು ಕೇಳುತ್ತದೆ. ಕಥಾಭಾಗ ಶಾಲೆಗೆ ಬೇಕಾಗಿಲ್ಲ. ಆದ್ದರಿಂದ ಆಟ ಶಿಕ್ಷಕರ ಲ್ಯಾಪ್‌ಟಾಪಿನಲ್ಲಿ, ಮುಖ ರೂಪಿಸುವ ಭಾಗಕ್ಕೆ ಮಾತ್ರ ಸೀಮಿತವಾಗಿರಲಿ. ಮಕ್ಕಳ ಮೊಬೈಲಿಗೆ ಹಾಕಿಸುವುದು ಬೇಡ. ಲ್ಯಾಪ್‌ಟಾಪ್ ಇಲ್ಲದ ಕಡೆ ‘ಮೀ’ ಪಾತ್ರಗಳ ಉಪಾಯ ಸಾಕು. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ನಾಲ್ಕು ಬಗೆಯ ತಲೆ, ಆರು ಬಗೆಯ ಕಣ್ಣು, ಹುಬ್ಬು, ಮೂಗು, ಬಾಯಿ ಕತ್ತರಿಸಿಟ್ಟರೆ, ಜಾಗ ಬದಲಿಸಿದಂತೆ ಮುಖ ಬದಲಾಗುವುದನ್ನು ಮಕ್ಕಳು ಮೇಜಿನ ಮೇಲೆಯೇ ನೋಡುತ್ತಾರೆ. ಅನುವಂಶೀಯತೆಗೆ ಎರಡು ರೂಪಾಯಿ ನಾಣ್ಯ ಸಾಕು. ನಮ್ಮ ಕಲ್ಪಿತ ಊರಿನಲ್ಲಿ ಅಗಲ ಮೂಗು ಪ್ರಬಲ, ಸಣ್ಣ ಮೂಗು ದುರ್ಬಲ ಎಂದು ನಿಯಮ ಮಾಡಿಕೊಳ್ಳಿ. ಇದು ಆಟದ ನಿಯಮ, ಮನುಷ್ಯರದಲ್ಲ ಎಂದು ಮೊದಲೇ ಹೇಳಿ. ಅಪ್ಪ ಅವ್ವ ಇಬ್ಬರಲ್ಲೂ ಎರಡೂ ಗುಣಗಳಿದ್ದರೆ, ಇಬ್ಬರ ಪರವಾಗಿ ಒಂದೊಂದು ಸಲ ನಾಣ್ಯ ಚಿಮ್ಮಿದಾಗ ನಾಲ್ಕರಲ್ಲಿ ಒಂದು ಪಾಲು ಸಣ್ಣ ಮೂಗು ಬರುವ ಸಂಭವವಿದೆ. ಅಗಲ ಮೂಗಿನ ಇಬ್ಬರಿಗೆ ಸಣ್ಣ ಮೂಗಿನ ಮಗು ಹುಟ್ಟುವುದನ್ನು ಮಕ್ಕಳು ಕಣ್ಣಾರೆ ಕಂಡು ಕಾರಣ ಹೇಳುತ್ತಾರೆ.

ನಮ್ಮ ಕಾಲೇಜಿನ ಪ್ರಾಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಪಾಠಾಭ್ಯಾಸಕ್ಕೆ ಮೊದಲು, ಚಾರ್ಟ್ ತಯಾರಿಕೆಯ ಕಾರ್ಯಾಗಾರದಲ್ಲಿ ಒಂದು ಅವಧಿಯನ್ನು ಮುಖ ರೂಪಿಸುವುದಕ್ಕೆ ಕೊಡಿ. ಅಲ್ಲಿ ಕತ್ತರಿಸಿದ ರಟ್ಟಿನ ತುಣುಕುಗಳ ಒಂದೊಂದು ಪೆಟ್ಟಿಗೆ ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳ ಪಾಠಾಭ್ಯಾಸದ ಶಾಲೆಗಳಿಗೆ ಹೋಗಲಿ. ಅವಲೋಕನ ಪತ್ರದಲ್ಲಿ ‘ಕಲಿಕೋಪಕರಣ’ಕ್ಕೆ ಅಂಕ ಕೊಡುವಾಗ, ಚಿತ್ರ ಚಂದವಿದೆಯೇ ಎಂಬುದರ ಜೊತೆಗೆ, ಅದರಲ್ಲಿರುವ ಮನುಷ್ಯರು ಒಬ್ಬರಿಗಿಂತ ಒಬ್ಬರು ಬೇರೆಯಾಗಿದ್ದಾರೆಯೇ ಎಂದೂ ನೋಡಿ.